ಕಾರಿಗೊಂದು ತುತ್ತು

ನಮ್ಮ ಮನೆಯಲ್ಲೊಂದು ಹಳೆಯ ಮಾರುತಿ 800 ಇದೆ. 1996ರ ಮಾಡೆಲ್ಲು. ಬಣ್ಣ ಬಿಳಿ ಎಂದು ಆರ್.ಸಿ. ಪುಸ್ತಕದಲ್ಲಿ ಬರೆದಿರುವುದರಿಂದ ನಾವೂ ಬಿಳಿ ಎನ್ನುತ್ತೇವೆ. ಯಜಮಾನರು ಅದನ್ನು ಮಾರುವ ಮಾತೆತ್ತಿದಾಗಲೆಲ್ಲ ನಾನು ಎರಡು ದಿನ ಮುಖ ದಪ್ಪಗೆ ಮಾಡಿಕೊಂಡು ಓಡಾಡುತ್ತೇನೆ. ನಲವತ್ತರ ಹೊಸ್ತಿಲಲ್ಲಿ ನಿಂತು, ಮಂಡ್ಯದ ನೂರಡಿ ರಸ್ತೆಯ ಜನವೆಲ್ಲ ನನ್ನನ್ನೇ ನೋಡುತ್ತಿದ್ದಾರೆಂದು ಬೆವರುತ್ತಾ ನಾನು ಡ್ರೈವಿಂಗ್ ಕಲಿತದ್ದು ಆ ಕಾರಿನಲ್ಲಿ. ನಡುರಾತ್ರಿ ಅಮ್ಮನಿಗೆ ಎದೆನೋವು ಬಂದಾಗ, ಯಜಮಾನರು ಊರಲ್ಲಿಲ್ಲದ ಹೊತ್ತಿನಲ್ಲಿ, ಯಾರ ಬಾಗಿಲನ್ನೂ ಬಡಿಯದೆ ಆಸ್ಪತ್ರೆ ಮುಟ್ಟಿಸಿದ್ದೂ ಅದರಲ್ಲೇ. ಗಂಡಸರಿಗೆ ಕಾರು ಎಂದರೆ ಕಾರು. ನನ್ನಂಥವಳಿಗೆ ಅದು, 'ಯಾರಾದರೂ ಕರೆದುಕೊಂಡು ಹೋಗುತ್ತೀರಾ' ಎಂದು ಕೇಳುವುದರಿಂದ ಸಿಕ್ಕ ಬಿಡುಗಡೆ.

2025ರ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಕಾರಿನ ಕೆಳಗೆ ಪೆಟ್ರೋಲ್ ತೊಟ್ಟಿಕ್ಕಿದ ಕಲೆ ಕಂಡಿತು. ಮೆಕ್ಯಾನಿಕ್ ಬಂದು ಬಾನೆಟ್ ಎತ್ತಿ, ರಬ್ಬರ್ ಪೈಪೊಂದನ್ನು ಬೆರಳಲ್ಲಿ ಹಿಸುಕಿ ತೋರಿಸಿದ. ಬೆಂದ ಹುರುಳೀಕಾಯಿಯ ಹಾಗೆ ಮೆತ್ತಗಾಗಿತ್ತು. "ಈಗಿನ ಪೆಟ್ರೋಲಿಗೆ ಹಳೇ ರಬ್ಬರ್ ತಡೆಯಲ್ಲ ಮೇಡಂ" ಎಂದ.

'ಈಗಿನ ಪೆಟ್ರೋಲ್' ಎಂದರೇನೆಂದು ನನಗೆ ಬಿಡಿಸಿ ಹೇಳಿದವನು ನನ್ನ ತಮ್ಮನ ಮಗ. ಇಂಜಿನಿಯರಿಂಗ್ ಕೊನೆಯ ವರ್ಷ ಓದುತ್ತಿದ್ದ. ರಜೆಗೆ ನಮ್ಮಲ್ಲಿಗೆ ಬಂದಿದ್ದ. "ಅತ್ತೆ, ಬಂಕಿನಲ್ಲಿ ನೀವು ಹಾಕಿಸೋ ಪೆಟ್ರೋಲಿನಲ್ಲಿ ಐದರಲ್ಲೊಂದು ಪಾಲು ಪೆಟ್ರೋಲೇ ಅಲ್ಲ, ಎಥನಾಲು" ಎಂದ. ಎಥನಾಲ್ ಎಂದರೆ ಕಬ್ಬಿನ ಹಾಲು, ಕಾಕಂಬಿ, ಅಕ್ಕಿ, ಮುಸುಕಿನ ಜೋಳ ಇವುಗಳನ್ನು ಹುಳಿಬರಿಸಿ ಭಟ್ಟಿ ಇಳಿಸಿದ ಮದ್ಯಸಾರ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಈ ಶೇಕಡಾ 20ರ ಮಿಶ್ರಣಕ್ಕೆ ಚಾಲನೆ ಕೊಟ್ಟದ್ದು. 2030ಕ್ಕೆಂದು ಇಟ್ಟುಕೊಂಡಿದ್ದ ಗುರಿಯನ್ನು ಐದು ವರ್ಷ ಮೊದಲೇ, 2025ರಲ್ಲೇ ಮುಟ್ಟಿದ್ದೇವೆಂದು ಸರ್ಕಾರ ಹೇಳಿತು. ನನ್ನ ಕಾರು ಏನು ಕುಡಿಯುತ್ತಿದೆಯೆಂದು ನನಗೇ ಗೊತ್ತಿರಲಿಲ್ಲ ನೋಡಿ! ಹಾಲಿಗೆ ನೀರು ಬೆರೆಸಿದರೆ ಕಣ್ಣಲ್ಲೇ ಕಂಡುಹಿಡಿಯುವವಳು ನಾನು.

ಹುಡುಗನ ಕಣ್ಣಲ್ಲಿ ಆಗಲೇ ಹೊಳಪು. "ಐದರಲ್ಲೊಂದು ಪಾಲು ಯಾಕೆ ಅತ್ತೆ, ಪೂರ್ತಿ ಎಥನಾಲಿನಲ್ಲೇ ಓಡೋ ಹಾಗೆ ಮಾಡಿಬಿಡೋಣ. ಹೊಗೆ ಕಡಿಮೆ. ನಮ್ಮ ಕಬ್ಬು, ನಮ್ಮ ಕಾರು. ಅರಬ್ಬರ ದೇಶಕ್ಕೆ ದುಡ್ಡು ಸುರಿಯೋದೂ ತಪ್ಪುತ್ತೆ."

ಅವನ ಮಾತಿನಲ್ಲಿ ಹುರುಳಿಲ್ಲದಿರಲಿಲ್ಲ. ನಮ್ಮ ದೇಶ ಬಳಸುವ ಕಚ್ಚಾ ತೈಲದಲ್ಲಿ ಶೇಕಡಾ 85ಕ್ಕೂ ಹೆಚ್ಚು ಹೊರಗಿನಿಂದ ಬರಬೇಕು. ಪೆಟ್ರೋಲ್ ಸುಟ್ಟರೆ ಕೋಟ್ಯಂತರ ವರ್ಷ ಭೂಮಿಯೊಳಗೆ ಮುಚ್ಚಿಟ್ಟಿದ್ದ ಇಂಗಾಲ ಹೊರಬೀಳುತ್ತದೆ. ಕಬ್ಬಿನದಾದರೆ ಹೋದ ವರ್ಷ ಗಾಳಿಯಿಂದ ಎಳೆದುಕೊಂಡದ್ದೇ ಈ ವರ್ಷ ಗಾಳಿಗೆ ಮರಳುತ್ತದೆ. ಇಟ್ಟ ಸಾಲ ತೀರಿಸಿದ ಹಾಗೆ. ಗದ್ದೆಗೆ ಹಾಕುವ ಯೂರಿಯಾ, ನೀರೆತ್ತುವ ಪಂಪು, ಕಬ್ಬು ಸಾಗಿಸುವ ಲಾರಿ ಇವುಗಳ ಹೊಗೆಯನ್ನೂ ಸೇರಿಸಿದರೆ ಸಾಲ ಪೂರ್ತಿ ತೀರುವುದಿಲ್ಲ, ಆದರೂ ಒಂದಷ್ಟು ತೀರುತ್ತದೆ.

ಆರ್.ಸಿ. ಪುಸ್ತಕದಲ್ಲಿ ಇಂಧನ ಪೆಟ್ರೋಲ್ ಎಂದಿರುವಾಗ ಆರ್.ಟಿ.ಒ. ಒಪ್ಪಿಗೆಯಿಲ್ಲದೆ ಬದಲಾಯಿಸಿ ರಸ್ತೆಗಿಳಿಸುವಂತಿಲ್ಲ ಎಂದು ಯಜಮಾನರು ಕಾನೂನು ತೆಗೆದರು. "ರಸ್ತೆ ಬೇಡ ಮಾವ, ಅಂಗಳದಲ್ಲೇ ಓಡಿಸಿ ನೋಡೋಣ" ಎಂದು ಹುಡುಗ ರಾಜಿ ಮಾಡಿದ. ಗುಜರಿ ಅಂಗಡಿಯಿಂದ ಇದೇ ಜಾತಿಯ ಇನ್ನೊಂದು ಕಾರ್ಬ್ಯುರೇಟರ್ ತಂದ. ನಮ್ಮ ಹಳೆಯದನ್ನು ಬಿಚ್ಚಿ ಹಳೆಯ ಸೀರೆ ತುಂಡಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟ. ನಾನು ಅದನ್ನು ಬಾಣಂತಿ ಕೊಟ್ಟ ಕೂಸಿನಂತೆ ಒಳಗೆ ತೆಗೆದಿಟ್ಟೆ.

ಅವನು ಮಾಡಿದ ಕೆಲಸ ಅಡಿಗೆಮನೆಯವರಿಗೆ ಸುಲಭವಾಗಿ ಅರ್ಥವಾಗುತ್ತದೆ. ಒಂದು ಕಿಲೋ ಪೆಟ್ರೋಲ್ ಉರಿಯಲು 14.7 ಕಿಲೋ ಗಾಳಿ ಬೇಕು. ಒಂದು ಕಿಲೋ ಎಥನಾಲಿಗೆ 9 ಕಿಲೋ ಸಾಕು. ಅಂದರೆ ಅಷ್ಟೇ ಗಾಳಿಗೆ ಎಥನಾಲನ್ನು ಹೆಚ್ಚು ಸುರಿಯಬೇಕು. ಅದಕ್ಕೇ ಇಂಧನ ಹಾಯುವ ಜೆಟ್ಟಿನ ತೂತನ್ನು ಸಣ್ಣ ಡ್ರಿಲ್ಲಿನಿಂದ ಅಗಲ ಮಾಡಿದ. ರಬ್ಬರ್ ಪೈಪುಗಳನ್ನೆಲ್ಲ ಬದಲಿಸಿದ. ಎಥನಾಲಿಗೆ ನೀರಿನ ಮೇಲೆ ಬಲು ಪ್ರೀತಿ. ಗಾಳಿಯ ತೇವವನ್ನು ಹೀರಿಕೊಂಡು ಟ್ಯಾಂಕಿಗೆ ತುಕ್ಕು ಹಿಡಿಸುತ್ತದೆಂದು ಹಳೆಯ ಟ್ಯಾಂಕನ್ನು ಮುಟ್ಟದೆ ಪ್ಲಾಸ್ಟಿಕ್ ಕ್ಯಾನು ಕಟ್ಟಿದ. ಲೀಟರಿಗೆ ಲೀಟರು ಹೋಲಿಸಿದರೆ ಎಥನಾಲಿನ ಕಸುವು ಪೆಟ್ರೋಲಿನ ಮೂರರಲ್ಲೆರಡು ಪಾಲು. ಒಣಗಿದ ಸೌದೆಗೂ ಹಸಿ ಸೌದೆಗೂ ಇರುವ ಅಂತರ ಎಂದುಕೊಳ್ಳಿ.

ಕೆಲಸ ಮಾಡುತ್ತಲೇ ಬ್ರೆಜಿಲ್ ದೇಶದ ಕಥೆ ಹೇಳಿದ. 1973ರಲ್ಲಿ ತೈಲದ ಬೆಲೆ ಏರಿದಾಗ ತತ್ತರಿಸಿದ ಆ ದೇಶ, 1975ರಲ್ಲಿ ಕಬ್ಬಿನ ಆಲ್ಕೋಹಾಲನ್ನು ಕಾರಿಗೆ ಹಾಕುವ 'ಪ್ರೊ-ಆಲ್ಕೂಲ್' ಯೋಜನೆ ತಂದಿತು. 1979ರಲ್ಲಿ ಫಿಯೆಟ್ 147 ಎಂಬ, ಬರೀ ಆಲ್ಕೋಹಾಲಿನಲ್ಲೇ ಓಡುವ ಕಾರು ಬಂತು. ಚಳಿಯ ಬೆಳಿಗ್ಗೆ ಸ್ಟಾರ್ಟ್ ಆಗಲೆಂದು ಅಂಥ ಕಾರುಗಳಲ್ಲಿ ಸಣ್ಣದೊಂದು ಪೆಟ್ರೋಲ್ ಡಬ್ಬಿಯೂ ಇರುತ್ತಿತ್ತಂತೆ. "ಆಮೇಲೇನಾಯ್ತು?" ಎಂದೆ. ಹುಡುಗ ಸ್ವಲ್ಪ ತಡೆದು ಹೇಳಿದ. ಸಕ್ಕರೆಯ ಬೆಲೆ ಏರಿತು, ಕಬ್ಬು ಸಕ್ಕರೆಯ ಕಡೆ ತಿರುಗಿತು; 1989-90ರ ಹೊತ್ತಿಗೆ ಆಲ್ಕೋಹಾಲೇ ಸಿಗದೆ ಜನ ಬಂಕುಗಳ ಮುಂದೆ ಸಾಲು ನಿಂತರು. ಎರಡರಲ್ಲಿ ಯಾವುದನ್ನು ಹಾಕಿದರೂ ಓಡುವ ಕಾರು ಬಂದದ್ದು 2003ರಲ್ಲಿ. ಒಂದೇ ಕಬ್ಬಿಗೆ ಬಾಯಿ ಎರಡಾದರೆ, ಯಾವ ಬಾಯಿ ಹೆಚ್ಚು ದುಡ್ಡು ಕೊಡುತ್ತದೋ ಅದಕ್ಕೇ ತುತ್ತು. ಈ ಮಾತು ಆಗ ನನ್ನ ಮನಸ್ಸಿನಲ್ಲಿ ಸುಳಿದು ಹೋಯಿತು, ನಿಲ್ಲಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಪ್ರಯೋಗ. ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳ ಆಯ್ದ ಬಂಕುಗಳಲ್ಲಿ 2024ರ ಮಾರ್ಚಿನಲ್ಲಿ 'ಎಥನಾಲ್ 100' ಮಾರಾಟಕ್ಕೆ ಬಂದಿತ್ತು. ಅದನ್ನು ಎಲ್ಲಿಂದಲೋ ಹೊಂದಿಸಿ ತಂದಿದ್ದ. ಯಜಮಾನರು ಮರಳಿನ ಬಕೆಟ್ ಹಿಡಿದು ಯಜ್ಞಕ್ಕೆ ನಿಂತ ಪುರೋಹಿತರಂತೆ ನಿಂತರು. ನಾಲ್ಕು ಸಲ ಕೆಮ್ಮಿ, ಐದನೆಯ ಸಲ ಕಾರು ಸ್ಟಾರ್ಟ್ ಆಯಿತು! ಹುಡುಗ ಕುಣಿದಾಡಿದ. ಅಂಗಳದ ತುಂಬ ಪೆಟ್ರೋಲಿನ ಘಾಟಿನ ಬದಲು ಸಿಹಿಹುಳಿ ವಾಸನೆ. ಆ ವಾಸನೆ ನನಗೆ ಹೊಸದಲ್ಲ. ಮಂಡ್ಯದಲ್ಲಿ ಹುಟ್ಟಿದವರು ಕಾಕಂಬಿಯ ವಾಸನೆಯನ್ನು ಉಸಿರಾಡಿಕೊಂಡೇ ಬೆಳೆಯುತ್ತಾರೆ. 1933ರಲ್ಲಿ ಮೈಷುಗರ್ ಸ್ಥಾಪನೆಯಾದ ಊರಿದು.

ನಮ್ಮ ಮನೆಗೆ ಕೆಲಸಕ್ಕೆ ಬರುವಾಕೆ ಪಾತ್ರೆ ಉಜ್ಜುವುದನ್ನು ಬಿಟ್ಟು ಬಂದು ನೋಡುತ್ತಿದ್ದಳು. "ಇದೇನ್ ವಾಸ್ನೆ ಕಣ್ರವ್ವ, ಯಾರೋ ಕುಡ್ದಂಗೆ?" ಎಂದಳು. ಹುಡುಗ ಉತ್ಸಾಹದಿಂದ ಹೇಳಿದ: ಕಬ್ಬಿನಿಂದ ಮಾಡುತ್ತಾರೆ, ಜೋಳದಿಂದ ಮಾಡುತ್ತಾರೆ, ಅಕ್ಕಿಯಿಂದಲೂ ಮಾಡುತ್ತಾರೆ. ಆಕೆ ನನ್ನ ಮುಖ ನೋಡಿ ನಕ್ಕಳು. "ಕಾರ್ಗೂ ಅನ್ನ ಇಕ್ತಾರೇನ್ರವ್ವ?"

ಆಕೆ ಕೇಳಿದ್ದು ತಮಾಷೆಗೆ. ನನಗೆ ಮಾತ್ರ ನಗು ಬರಲಿಲ್ಲ, ಏಕೆಂದರೆ 2023ರ ಜುಲೈ ತಿಂಗಳು ನೆನಪಾಯಿತು. ಬಿ.ಪಿ.ಎಲ್. ಕಾರ್ಡಿನವರಿಗೆ ತಲೆಗೆ ಇನ್ನೂ ಐದು ಕಿಲೋ ಅಕ್ಕಿ ಹೆಚ್ಚು ಕೊಡುತ್ತೇವೆಂದು ನಮ್ಮ ರಾಜ್ಯ ಸರ್ಕಾರ ಹೇಳಿದ್ದ ಕಾಲ ಅದು. ಆಹಾರ ನಿಗಮದ ಗೋದಾಮಿನಿಂದ ರಾಜ್ಯಗಳಿಗೆ ಅಕ್ಕಿ ಮಾರುವುದನ್ನು ಕೇಂದ್ರ ಜೂನಿನಲ್ಲಿ ನಿಲ್ಲಿಸಿತು. ಬೆಲೆ ಏರದಂತೆ ದಾಸ್ತಾನು ಉಳಿಸಿಕೊಳ್ಳಬೇಕು ಎಂಬುದು ಅವರ ಕಾರಣ. ಅಕ್ಕಿ ಸಿಗದೆ ರಾಜ್ಯ, ಕಿಲೋಗೆ 34 ರೂಪಾಯಿಯ ಲೆಕ್ಕದಲ್ಲಿ ತಲೆಗೆ 170 ರೂಪಾಯಿಯನ್ನು ಬ್ಯಾಂಕಿಗೆ ಹಾಕಿತು. ನಮ್ಮಾಕೆ ಆ ದುಡ್ಡು ಹಿಡಿದು ಅಂಗಡಿಗೆ ಹೋಗಿ ಬಂದು, "ಕಾಸು ಬೇಯಲ್ಲ ಕಣ್ರವ್ವ" ಎಂದಿದ್ದಳು. ಅಂಗಡಿಯ ಬೆಲೆಗೆ ಆ ದುಡ್ಡಿನಲ್ಲಿ ಐದು ಕಿಲೋ ಬಂದಿರಲಿಲ್ಲ. ಅಲ್ಲಿಯವರೆಗೂ ಅದೇ ನಿಗಮದ ಅಕ್ಕಿ ಎಥನಾಲ್ ಮಾಡುವವರಿಗೆ ಕಿಲೋಗೆ 20 ರೂಪಾಯಿಯಂತೆ ಹೋಗುತ್ತಿತ್ತು! ಅದೇ ಜುಲೈನಲ್ಲಿ ಅದನ್ನೂ ನಿಲ್ಲಿಸಿದರು, ಸುಳ್ಳು ಹೇಳಬಾರದು. ಆಮೇಲೆ ಗೋದಾಮು ತುಂಬಿ ತುಳುಕಿದಾಗ ಮತ್ತೆ ಬಾಗಿಲು ತೆರೆದರು. 2025ರಲ್ಲಿ ಕ್ವಿಂಟಾಲಿಗೆ 2,250 ರೂಪಾಯಿ ಎಂದು ಗೊತ್ತುಮಾಡಿದರು. ರಾಜ್ಯದವರು ದುಡ್ಡಿನ ಬದಲು ಮತ್ತೆ ಅಕ್ಕಿಯನ್ನೇ ಕೊಡಲಾರಂಭಿಸಿದ್ದೂ 2025ರಲ್ಲೇ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟವಳು ನಾನು. ಆ ರಾತ್ರಿ ಊಟವಾದ ಮೇಲೆ ಹಾಳೆ ತೆಗೆದುಕೊಂಡು ಕುಳಿತೆ. ಒಂದು ಟನ್ ಅಕ್ಕಿಯಿಂದ ಸುಮಾರು 450 ಲೀಟರ್ ಎಥನಾಲ್ ಇಳಿಯುತ್ತದೆ. ನಮ್ಮ ಕಾರಿನ ಟ್ಯಾಂಕು 28 ಲೀಟರಿನದು. ಪೂರ್ತಿ ಎಥನಾಲ್ ತುಂಬಿಸಿದರೆ 62 ಕಿಲೋ ಅಕ್ಕಿ ಬೇಕು. ತಿಂಗಳಿಗೆ ತಲೆಗೆ ಐದು ಕಿಲೋ ಎಂದರೆ ಹನ್ನೆರಡು ಜನರ ಪಾಲು. ಮೈಸೂರಿಗೆ ನಾಲ್ಕಾರು ಸಲ ಹೋಗಿ ಬಂದರೆ ಹನ್ನೆರಡು ಜನರ ತಿಂಗಳ ಅಕ್ಕಿ ಹೊಗೆಯಾಯಿತು.

ಅಕ್ಕಿ ಬೇಡ, ಕಬ್ಬಿನದೇ ಆಗಲಿ ಎಂದರೆ? ಒಂದು ಟನ್ ಕಬ್ಬಿನ ಹಾಲನ್ನೆಲ್ಲ ಎಥನಾಲ್ ಮಾಡಿದರೆ ಸುಮಾರು 70 ಲೀಟರ್. ನನ್ನ ಟ್ಯಾಂಕಿಗೆ 400 ಕಿಲೋ ಕಬ್ಬು. ಹೀಗೆ ತೆಗೆದ ಒಂದು ಲೀಟರ್ ಎಥನಾಲಿಗೆ ಸುಮಾರು 2,860 ಲೀಟರ್ ನೀರು ಬೇಕೆಂದು ನೀತಿ ಆಯೋಗದ 2021ರ ವರದಿಯೇ ಹೇಳಿದೆ. ಟ್ಯಾಂಕಿಗೆ ಎಂಬತ್ತು ಸಾವಿರ ಲೀಟರಾಯಿತು. ಐದು ಸಾವಿರ ಬಿಂದಿಗೆಗೂ ಹೆಚ್ಚು! 2023ರಲ್ಲಿ ಮಳೆ ಕೈಕೊಟ್ಟು ಕನ್ನಂಬಾಡಿ ತುಂಬದೆ ಹೋದಾಗ, ಬಿಂದಿಗೆಗಳ ಸಾಲಿನಲ್ಲಿ ನಿಂತವರು ಯಾರೆಂದು ನಿಮಗೆ ಹೇಳಬೇಕೆ? ಆ ಬರದ ಡಿಸೆಂಬರಿನಲ್ಲಿ, ಕಬ್ಬಿನ ಹಾಲನ್ನು ಎಥನಾಲಿಗೆ ಬಳಸಬೇಡಿ, ಸಕ್ಕರೆ ಸಾಲದು ಎಂದು ಕೇಂದ್ರವೇ ಕಾರ್ಖಾನೆಗಳನ್ನು ತಡೆಯಬೇಕಾಯಿತು. ಮುಸುಕಿನ ಜೋಳಕ್ಕೆ ಬಂದರೂ ಅಷ್ಟೆ. 2024-25ರ ಸಾಲಿನಲ್ಲಿ ಎಥನಾಲಿಗೆ ಎಲ್ಲಕ್ಕಿಂತ ಹೆಚ್ಚು ಹೋದದ್ದು ಅದೇ; ಅದನ್ನೇ ನಂಬಿದ ಕೋಳಿ ಸಾಕುವವರು ಬೆಲೆ ಕೇಳಿ ಬಾಯಿ ಬಾಯಿ ಬಿಟ್ಟರು.

ಮಾರನೆಯ ವಾರ ತಮ್ಮ ಊರಿಂದ ಬಂದ. ಹಾಳೆಯನ್ನು ಅವನ ಮುಂದಿಟ್ಟೆ. ಅವನು ನಿಧಾನವಾಗಿ ಓದಿ ಮಡಿಸಿದ. "ಲೆಕ್ಕ ಸರಿಯಾಗಿದೆ ಅಕ್ಕ. ಆದ್ರೆ ನಿನ್ನ ಬಿ.ಎಡ್. ಫೀಸು ಯಾವ ದುಡ್ಡು? ನಿನ್ನ ಮದುವೆ ಯಾವ ದುಡ್ಡು? ಎಲ್ಲ ಕಬ್ಬಿನದೇ. ಕಬ್ಬು ಸಾಗಿಸಿ ವರ್ಷಗಟ್ಟಲೆ ಬಾಕಿಗೆ ಕಾದೋರು ನಾವು. ಎಥನಾಲಿನಿಂದ ಕಾರ್ಖಾನೆಗೆ ಬೇಗ ದುಡ್ಡು ಬಂದ್ರೆ ನಮಗೂ ಬೇಗ ಬರುತ್ತೆ. ನೀರಿನ ಲೆಕ್ಕ ಹಾಕ್ದೆಯಲ್ಲ, ನನ್ನ ಬಾಕಿ ಲೆಕ್ಕಾನೂ ಹಾಕು."

ನನ್ನ ಬಳಿ ಉತ್ತರವಿರಲಿಲ್ಲ. ಅಪ್ಪ ಕಬ್ಬಿನ ಕಟಾವಿನ ಪರ್ಮಿಟ್ಟಿಗಾಗಿ ಅಲೆದು ಬಂದು ಜಗಲಿಯ ಮೇಲೆ ಮಾತಿಲ್ಲದೆ ಕೂರುತ್ತಿದ್ದುದು ನನಗೆ ಗೊತ್ತು. ನನ್ನ ಓದು, ಆ ಓದಿನಿಂದ ಬಂದ ಸಂಬಳ, ಸಂಬಳದಿಂದ ಕೊಂಡ ಕಾರು, ಎಲ್ಲದರ ಬೇರೂ ಅದೇ ಗದ್ದೆಯಲ್ಲಿದೆ. ಹಾಗಿರುವಾಗ ನಾನು ಕುರ್ಚಿಯಲ್ಲಿ ಕುಳಿತು ತಮ್ಮನಿಗೆ 'ಕಬ್ಬು ಬಿಡು, ರಾಗಿ ಹಾಕು' ಎನ್ನುವುದು ಯಾವ ನ್ಯಾಯ? ಆದರೆ ಅವನ ಲೆಕ್ಕದಲ್ಲೂ ಬಿಟ್ಟುಹೋದವರಿದ್ದಾರೆ. ಕಬ್ಬು ಕಡಿಯಲು ಗಂಡನ ಜೊತೆ ಜೋಡಿಯಾಗಿ ವಲಸೆ ಹೋಗುವ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಹೆಂಗಸರು ಗರ್ಭಕೋಶವನ್ನೇ ತೆಗೆಸಿಕೊಳ್ಳುತ್ತಿರುವ ಸಂಗತಿ 2019ರಲ್ಲಿ ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂತು. ಮುಟ್ಟು, ಬಸಿರು ಎಂದು ಒಂದು ದಿನ ತಪ್ಪಿದರೂ ಮೇಸ್ತ್ರಿ ದಂಡ ಹಿಡಿಯುತ್ತಾನೆ. ಸಕ್ಕರೆಯಾದರೇನು, ಎಥನಾಲಾದರೇನು, ಕಡಿಯುವ ಕೈ ಅದೇ. ಯಾವ ಬಂಕಿನ ಮೀಟರಿನಲ್ಲೂ ಆ ಹೆಂಗಸರ ಅಂಕಿ ಕಾಣುವುದಿಲ್ಲ.

ಇನ್ನೊಂದು ವಿಚಾರಕ್ಕೆ ಮಾತ್ರ ನನಗೆ ನಗು ಬಂತು. ಕಾಕಂಬಿಯಿಂದ ಇಳಿಸುವ ಇದೇ ಮದ್ಯಸಾರ ಒಂದು ಕಾಲದಲ್ಲಿ ಪ್ಯಾಕೆಟ್ ಸಾರಾಯಿಯಾಗಿ ಎಷ್ಟು ಮನೆ ಮುರಿಯಿತು! ನಮ್ಮ ಶಾಲೆಯ ಎಷ್ಟು ಮಕ್ಕಳು ಫೀಸಿನ ದಿನ ತಲೆ ತಗ್ಗಿಸಿ ನಿಂತರು! 2007ರ ಜುಲೈಯಲ್ಲಿ ಸಾರಾಯಿ ನಿಂತಾಗ ಹೆಂಗಸರು ನಿಟ್ಟುಸಿರು ಬಿಟ್ಟರು. ಗಂಡ ಕುಡಿದರೆ ಮನೆಯ ಅನ್ನ ಹೋಗುತ್ತದೆಂದು ನಮಗೆ ತಕ್ಷಣ ಗೊತ್ತಾಗುತ್ತಿತ್ತು, ಏಕೆಂದರೆ ಬರಿದಾದ ಡಬ್ಬಿ ನಮ್ಮ ಅಡಿಗೆಮನೆಯದೇ. ಕಾರು ಕುಡಿದಾಗ ಬರಿದಾಗುವ ಡಬ್ಬಿ ಬೇರೆ ಯಾರದೋ ಮನೆಯಲ್ಲಿರುತ್ತದೆ. ಅದಕ್ಕೇ ನಮಗೆ ಸದ್ದು ಕೇಳಿಸುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಓಡಾಟ ಕಡಿಮೆ ಮಾಡಿ ಎಂದು ಬುದ್ಧಿ ಹೇಳಿ ಲೇಖನ ಮುಗಿಸಬಹುದು. ಆದರೆ ಆ ಮಾತನ್ನು ಮೊದಲು ಯಾರಿಗೆ ಹೇಳುತ್ತಾರೆಂದು ನಮಗೆ ತಿಳಿಯದೆ? ಹೆಂಗಸರಿಗೆ. 'ನೀನು ಸುಮ್ಮನೆ ಯಾಕೆ ಹೊರಗೆ ಹೋಗ್ತೀಯ' ಎನ್ನುವವರಿಗೆ ಇನ್ನೊಂದು ನೆಪ ಸಿಕ್ಕಂತಾಗುತ್ತದೆ. ಈ ಸಲ ಭೂಮಿತಾಯಿಯ ಹೆಸರಿನಲ್ಲಿ. ಕಷ್ಟಪಟ್ಟು ಕಲಿತ ಸ್ಟೀರಿಂಗನ್ನು ಅಷ್ಟು ಸುಲಭಕ್ಕೆ ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.

ನಮ್ಮಜ್ಜಿ ನೆಲಕ್ಕೆ ಬಿದ್ದ ಅನ್ನದ ಅಗುಳನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಅಜ್ಜಿಯೇನೂ ಅಕ್ಕಿಯನ್ನು ಊಟಕ್ಕೆ ಮಾತ್ರ ಬಳಸಿದವಳಲ್ಲ. ಸೀರೆಗೆ ಗಂಜಿ ಹಾಕಿದ್ದಾಳೆ, ಅಂಗಳಕ್ಕೆ ಅಕ್ಕಿಹಿಟ್ಟಿನ ರಂಗೋಲಿ ಇಟ್ಟಿದ್ದಾಳೆ, ನುಚ್ಚನ್ನು ಹಸುವಿಗೆ ಹಾಕಿದ್ದಾಳೆ. ಬಳಸಬಾರದೆಂಬುದು ಅವಳ ಧರ್ಮವಾಗಿರಲಿಲ್ಲ. ಹಿಡಿ ಅಕ್ಕಿ ತೆಗೆಯುವಾಗ ಅದು ಯಾವುದಕ್ಕೆ, ಉಳಿದವರಿಗೆ ಸಾಕೇ ಎಂದು ಒಂದು ಗಳಿಗೆ ನಿಂತು ನೋಡುತ್ತಿದ್ದಳು. ಸಕ್ಕರೆ ತೆಗೆದುಳಿದ ಕಾಕಂಬಿಯಿಂದ, ತಿನ್ನಲಾಗದೆ ಮುಗ್ಗಿದ ಧಾನ್ಯದಿಂದ ಕಾರು ಓಡಿದರೆ ಅಜ್ಜಿ ಬೇಡ ಎನ್ನುತ್ತಿರಲಿಲ್ಲ. ಅದು ತಂಗಳನ್ನಕ್ಕೆ ಒಗ್ಗರಣೆ ಕೊಟ್ಟ ಹಾಗೆ. ಆದರೆ ಒಲೆಯ ಮೇಲಿನ ಅನ್ನವನ್ನೇ ಇಳಿಸಿಕೊಂಡು ಹೋದರೆ ಸೌಟು ಎತ್ತುತ್ತಿದ್ದಳು. ನೆಲದಲ್ಲಿ ಬೆಳೆದದ್ದೆಂಬ ಒಂದೇ ಕಾರಣಕ್ಕೆ ಯಾವುದೂ ಪವಿತ್ರವಾಗುವುದಿಲ್ಲ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎನ್ನುತ್ತಾರೆ. ಹಸಿವಿಗೆ ಮಿತಿಯೇ ಇಲ್ಲದ ಕಾರಿಗೆ ಕಬ್ಬಿನ ಗದ್ದೆಯೂ ಸಾಲದು, ಎಣ್ಣೆಬಾವಿಯೂ ಸಾಲದು. ತುತ್ತು ಬದಲಾಯಿಸಿ ಮನಸ್ಸನ್ನು ಹಗುರ ಮಾಡಿಕೊಳ್ಳುವುದು ಸುಲಭ. ಹಸಿವೆಷ್ಟು ಎಂದು ಕೇಳುವುದೇ ಕಷ್ಟ.

ಹುಡುಗನಿಗೆ ಇದನ್ನೆಲ್ಲ ಹೇಳಿದೆ. ಅವನು ಮುನಿಸಿಕೊಳ್ಳಲಿಲ್ಲ. ಕೊರೆದ ಕಾರ್ಬ್ಯುರೇಟರನ್ನು ಕಾಲೇಜಿನ ಪ್ರಾಜೆಕ್ಟಿಗೆಂದು ಒಯ್ದ. "ಅಕ್ಕಿ, ಹಾಲು ಬಿಟ್ಟು ರವದಿಯಿಂದ, ಹುಲ್ಲಿನಿಂದ ಇಳಿಸೋದನ್ನೂ ಓದ್ತೀನಿ ಅತ್ತೆ" ಎಂದ. ಹಾಗೇ ಮಾಡಪ್ಪ ಎಂದೆ. ಸೀರೆಯ ತುಂಡಿನಿಂದ ಹಳೆಯ ಕಾರ್ಬ್ಯುರೇಟರ್ ಹೊರಬಂದು ತನ್ನ ಜಾಗ ಸೇರಿತು.

ಈಗ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಇನ್ನೂರು ಪುಟದ ನೋಟ್‌ಪುಸ್ತಕವೊಂದಿದೆ. ಹೋದದ್ದೆಲ್ಲಿಗೆ, ಯಾತಕ್ಕೆ, ಎಷ್ಟು ಕಿಲೋಮೀಟರ್ ಎಂದು ಬರೆಯುತ್ತೇನೆ. ಯಜಮಾನರೂ ಬರೆಯಬೇಕು, ಅದು ಕರಾರು. ಮೊದಲ ತಿಂಗಳ ಪುಟ ತಿರುವಿದಾಗ ನಮಗಿಬ್ಬರಿಗೂ ನಾಚಿಕೆಯಾಯಿತು. ಕೊತ್ತಂಬರಿ ಸೊಪ್ಪಿಗೆ ಎರಡು ಸಲ, ಪೇಪರ್ ತರಲು ಐದು ಸಲ! ಇವು ಯಜಮಾನರವು. ಹತ್ತು ಹೆಜ್ಜೆಯ ದೇವಸ್ಥಾನಕ್ಕೆ ನಾಲ್ಕು ಸಲ, ಇದು ನನ್ನದು. ಈಗ ಅವೆಲ್ಲ ಕಾಲಿನ ಪಾಲಿಗೆ ಬಂದಿವೆ. ಎದುರು ಮನೆಯ ಸೊಸೆಗೆ ರಾತ್ರಿ ಎರಡು ಗಂಟೆಗೆ ಹೆರಿಗೆನೋವು ಬಂದ ದಿನ ಮಾತ್ರ ನಾನು ಪುಸ್ತಕ ತೆರೆದು ಯೋಚಿಸುತ್ತಾ ಕೂರಲಿಲ್ಲ.

ಹೋದ ತಿಂಗಳು ಕೆಲಸದಾಕೆಗೆ ಕಾಲುನೋವು. ನ್ಯಾಯಬೆಲೆ ಅಂಗಡಿಯಿಂದ ಮೂಟೆ ಹೊರಲಾಗುವುದಿಲ್ಲ ಎಂದಳು. ಕಾರು ತೆಗೆದೆ. ಮುಂದಿನ ಸೀಟಿನಲ್ಲಿ ಕೂರಲು ಸಂಕೋಚಪಟ್ಟು ಕೊನೆಗೆ ಕುಳಿತಳು. ಅಕ್ಕಿಮೂಟೆ ಹಿಂದಿನ ಸೀಟಿನಲ್ಲಿ ಕುಳಿತಿತು. "ನೋಡ್ರವ್ವ, ಅಕ್ಕಿ ಕಾರಲ್ಲಿ ಬರೋ ಕಾಲ ಬಂತು" ಎಂದು ನಕ್ಕಳು. ನಾನೂ ನಕ್ಕೆ. ಅವಳ ಅಕ್ಕಿ ಹಿಂದಿನ ಸೀಟಿನಲ್ಲಿತ್ತು. ಅದರ ಕೆಳಗಿನ ಟ್ಯಾಂಕಿನಲ್ಲೂ ಯಾರದೋ ಅಕ್ಕಿ ಒಂದಿಷ್ಟು ಇದ್ದಿರಬಹುದು. ಮನೆಗೆ ಬಂದು ಪುಸ್ತಕ ತೆರೆದು, 'ರೇಷನ್ ತರಲು, 3 ಕಿಲೋಮೀಟರ್' ಎಂದು ಬರೆದೆ.